ಹೆಬ್ಬೆರಳಿನ ಕಡೆಗೆ

ಯಮುನಾ ಮೊದಲು ಕಲಿತದ್ದು ಹಿಡಿದ ಕೈ ಬಿಡಿಸಿಕೊಳ್ಳುವುದನ್ನು. ಆರು ನಿಮಿಷದ ವಿಡಿಯೊ ಅದು. ಕಪ್ಪು ಟೀ ಶರ್ಟ್ ಹಾಕಿದ ಒಬ್ಬ ಮೇಡಂ ನೀಲಿ ಚಾಪೆಯ ಮೇಲೆ ನಿಂತು, ದಡೂತಿ ಗಂಡಸೊಬ್ಬನ ಕೈಗೆ ತನ್ನ ಮಣಿಕಟ್ಟು ಕೊಟ್ಟು, ನಗುನಗುತ್ತ ಪಾಠ ಹೇಳುತ್ತಿದ್ದಳು. "ಎಂಥಾ ಬಲಶಾಲಿ ಹಿಡಿದರೂ ಆ ಹಿಡಿತದಲ್ಲಿ ಒಂದು ಸಡಿಲ ಜಾಗ ಇರುತ್ತೆ. ಅದು ಹೆಬ್ಬೆರಳು. ನಾಲ್ಕು ಬೆರಳಿರೋ ಕಡೆ ಎಳೆದರೆ ನೀವು ಸೋತಿರಿ. ಹೆಬ್ಬೆರಳಿನ ಕಡೆಗೆ ತಿರುಗಿಸಿ, ನಿಮ್ಮ ಮೊಣಕೈಯನ್ನು ಅವನ ಮೊಣಕೈ ಕಡೆ ತಳ್ಳಿ, ಝಾಡಿಸಿ ಎಳೀರಿ. ಆಮೇಲೆ ಕೂಗಿ, ಓಡಿ." ಮಾತು ಮುಗಿಯುವುದರೊಳಗೆ ಅವಳ ಕೈ ಬಿಟ್ಟುಕೊಂಡಿರುತ್ತಿತ್ತು. ದಡೂತಿ ಮನುಷ್ಯ ತನ್ನ ಖಾಲಿ ಕೈಯನ್ನೇ ನೋಡಿಕೊಂಡು ನಿಂತಿರುತ್ತಿದ್ದ.

ಯಮುನಾಳ ಮನೆ ಇದ್ದದ್ದು ಚೆಟ್ಟಳ್ಳಿಯಿಂದ ಮೂರು ಕಿಲೋಮೀಟರ್ ಒಳಗೆ, ಕಲ್ಲುಬಾಣೆ ಎಸ್ಟೇಟಿನ ಲೈನಿನಲ್ಲಿ. ಕೆಲಸಗಾರರಿಗೆಂದು ಹಳೇ ಧಣಿಗಳು ಕಟ್ಟಿಸಿದ ಹತ್ತು ಮನೆಗಳ ಸಾಲು ಅದು; ಒಂದು ಮನೆಯ ಗೋಡೆಯೇ ಮುಂದಿನ ಮನೆಗೂ ಗೋಡೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ; ನೀರಿನ ಟ್ಯಾಂಕಿನ ಪಕ್ಕ ನಿಂತರೆ ಮಾತಾಡುವಷ್ಟು ಮಾತ್ರ ಸಿಗುತ್ತದೆ. ಆಶಾ ಕಾರ್ಯಕರ್ತೆಯಾಗಿದ್ದ ಯಮುನಾ ಮೀಟಿಂಗಿಗೆಂದು ಪೇಟೆಗೆ ಹೋದಾಗ ಬಸ್ ಕಾಯುತ್ತ ನಿಂತು ವಿಡಿಯೊಗಳನ್ನು ಇಳಿಸಿಕೊಂಡು ಬರುತ್ತಿದ್ದಳು. ಸಂಜೆ ಗುಲಾಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲಿನ ಹಿಂದೆ ಸೌದೆ ಒಟ್ಟಿದ್ದ ಮೂಲೆಯಲ್ಲಿ ಫೋನನ್ನು ಒಂದು ಕೊರಡಿಗೆ ಒರಗಿಸಿಟ್ಟು, ಗಂಡನನ್ನು ಕರೆಯುತ್ತಿದ್ದಳು.

"ಬರ್ರೀ. ಹಿಡ್ಕೊಳ್ಳಿ."

ಆನಂದ್ ಕೋಲೂರಿಕೊಂಡು ಬರುತ್ತಿದ್ದ. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಹೆಂಡತಿಯ ಮಣಿಕಟ್ಟು. ಅವನದು ಕರಿಮೆಣಸು ಕೊಯ್ದು ಬೆಳೆದ ಕೈ. ಹದಿನೆಂಟನೇ ವಯಸ್ಸಿನಿಂದ ಒಂಟಿ ಬಿದಿರಿನ ಏಣಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳಿಗೆ ಒರಗಿಸಿ, ನಲವತ್ತು ಅಡಿ ಮೇಲೆ ಒಂದು ಕೈಯಲ್ಲಿ ಮರ ಅಪ್ಪಿಕೊಂಡು ಇನ್ನೊಂದು ಕೈಯಲ್ಲಿ ಗೊಂಚಲು ಕೀಳುತ್ತಿದ್ದವನು. ಎರಡು ವರ್ಷದ ಹಿಂದೆ ಅದೇ ಏಣಿ ಜಾರಿ, ಸೊಂಟದ ಮೂಳೆ ಮುರಿದು ಎಡಗಾಲಿಗೆ ರಾಡು ಬಿತ್ತು. ಈಗ ಜಗುಲಿಯಲ್ಲಿ ಕೂತು ಕಳೆ ಕೊಚ್ಚುವ ಮೆಷಿನ್, ಮಿಕ್ಸಿ, ಟಾರ್ಚು ಅಂತ ರಿಪೇರಿ ಮಾಡುತ್ತಿದ್ದ. ಕಾಲು ಹೋದರೂ ಬೆರಳುಗಳು ಹಾಗೇ ಇದ್ದವು. ತುಕ್ಕು ಹಿಡಿದ ನಟ್ಟನ್ನು ಪಾನಾ ಇಲ್ಲದೆ ಬಿಚ್ಚುತ್ತಿದ್ದ.

ಆ ಬೆರಳುಗಳಿಂದ ಯಮುನಾ ಕೈ ಬಿಡಿಸಿಕೊಂಡಳು. ಮೊದಲ ದಿನ ಆಗಲಿಲ್ಲ. ಎರಡನೇ ದಿನವೂ ಆಗಲಿಲ್ಲ. ಮೂರನೇ ದಿನ ಮೊಣಕೈ ಮುಂದೆ ತಳ್ಳಿ ಝಾಡಿಸಿದಾಗ ಸರಕ್ಕನೆ ಬಿಟ್ಟುಕೊಂಡಿತು.

"ಅಬ್ಬಾ, ಇವಳ," ಎಂದ ಆನಂದ್, ಕೈ ಕೊಡವಿಕೊಳ್ಳುತ್ತ. "ಎಂಥ ಶಕ್ತಿ ಮಾರಾಯ್ತಿ ನಿಂದು."

ಯಮುನಾ ನಕ್ಕಳು. ಆ ಮನೆಯಲ್ಲಿ ಯಾರಾದರೂ ಹಾಗೆ ನಕ್ಕು ತುಂಬ ದಿನವಾಗಿತ್ತು. ಆನಂದನೂ ನಕ್ಕ. ಮಾರನೇ ದಿನ ಅವಳು ಕರೆಯುವ ಮೊದಲೇ ಅವನು ಸೌದೆಯ ಹತ್ತಿರ ಹೋಗಿ ನಿಂತಿದ್ದ.

ಇದೆಲ್ಲ ಯಾಕೆ ಎಂದು ಅವನು ಕೇಳಿದ್ದಕ್ಕೆ ಯಮುನಾ ಹೇಳಿದ್ದು ಅರ್ಧ ನಿಜ. "ರೋಡಲ್ಲಿ ಟೂರಿಸ್ಟ್ ಹುಡುಗ್ರು ಕುಡ್ಕೊಂಡು ಕಾರ್ ನಿಲ್ಲಿಸ್ತಾರಲ್ಲ. ನಮ್ಮ ಭವ್ಯಶ್ರೀನ ಒಬ್ಬ ಚೀಲ ಹಿಡ್ದು ಎಳೆದ್ನಂತೆ. ಅವಳೇ ಗ್ರೂಪಿಗೆ ಹಾಕಿದ್ದು ಈ ವಿಡಿಯೊ, ಎಲ್ರೂ ಕಲೀರಿ ಅಂತ." ಭವ್ಯಶ್ರೀ ಶನಿವಾರಸಂತೆ ಕಡೆಯ ಆಶಾ, ಚೀಲ ಎಳೆದದ್ದೂ ನಿಜ, ವಿಡಿಯೊ ಹಾಕಿದ್ದೂ ನಿಜ. ಆದರೆ ಯಮುನಾಳ ಮನಸ್ಸಿನಲ್ಲಿ ಇದ್ದ ಕೈ ಟೂರಿಸ್ಟಿನದಲ್ಲ. ಅದು ಪದ್ಮಯ್ಯನದು.

ಪದ್ಮಯ್ಯ ಕಲ್ಲುಬಾಣೆಯ ರೈಟರ್. ಹಾಜರಿ ಹಾಕುವವನು, ಕಾಫಿ ಹಣ್ಣು ತೂಗಿಸುವವನು, ಯಾರಿಗೆ ಯಾವ ಮನೆ ಎಂದು ಹೇಳುವವನು ಎಲ್ಲ ಅವನೇ. ಧಣಿಗಳು ಮೈಸೂರಿನಲ್ಲಿದ್ದರು, ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು. ಐವತ್ತು ದಾಟಿದ, ಬಿಳಿ ಅಂಗಿಯ, ಮಾತಿನಲ್ಲಿ ಗಡಸಿಲ್ಲದ ಮನುಷ್ಯ. ಮೆಣಸಿನ ಮರದಿಂದ ಬಿದ್ದ ಆನಂದನನ್ನು ಗೋಣಿಯ ಮೇಲೆ ಮಲಗಿಸಿಕೊಂಡು ಜೀಪನ್ನು ಮಡಿಕೇರಿವರೆಗೆ ತಾನೇ ಓಡಿಸಿದವನು. ಆಸ್ಪತ್ರೆಯ ಕಾಗದಕ್ಕೆ ಸಂಬಂಧಿಕನ ಜಾಗದಲ್ಲಿ ರುಜು ಹಾಕಿದವನು. ಇನ್ನು ಕೆಲಸಕ್ಕೆ ಬಾರದ ಆಳಿಗೆ ಲೈನಿನ ಮನೆ ಯಾಕೆ ಎಂದು ಧಣಿಗಳು ಕೇಳಿದಾಗ, "ಇರಲಿ ಬಿಡಿ, ಪಾಪ," ಎಂದು ಹೇಳಿ ಉಳಿಸಿಕೊಟ್ಟವನು. ಬೆಳಿಗ್ಗೆ ಜೀಪಿನ ಸದ್ದು ಕೇಳಿದರೆ ಆನಂದ್ ಜಗುಲಿಯಿಂದಲೇ ಕೈ ಎತ್ತುತ್ತಿದ್ದ. "ಆ ಮನುಷ್ಯ ಇಲ್ದಿದ್ರೆ ನಾನಿವತ್ತು ಫೋಟೋದಲ್ಲಿರ್ತಿದ್ದೆ," ಎನ್ನುತ್ತಿದ್ದ, ಬಂದವರ ಹತ್ತಿರವೆಲ್ಲ.

ಕೊಯ್ಲಿನ ಕಾಲಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಆಳುಗಳು ಬರುತ್ತಿದ್ದರು. ಅವರಲ್ಲಿ ಯಾರಿಗೆ ಜ್ವರ, ಯಾರು ಬಸುರಿ, ಯಾವ ಮಗುವಿಗೆ ಚುಚ್ಚುಮದ್ದು ಆಗಿಲ್ಲ ಎಂದು ಬರೆದುಕೊಂಡು ಬರುವುದು ಯಮುನಾಳ ಕೆಲಸ. ಬಂದವರ, ಹೋದವರ ಪಟ್ಟಿ ಇರುವುದು ರೈಟರ ಹತ್ತಿರ. ತಿಂಗಳ ಐದನೇ ತಾರೀಕಿಗೆ ಅವಳು ಕಾಫಿ ಚೀಲ ಇಡುವ ಸ್ಟೋರಿಗೆ ಹೋಗಿ ಪಟ್ಟಿ ನೋಡಿ, ತನ್ನ ರಿಜಿಸ್ಟರಿಗೆ ಅವನ ರುಜು ಹಾಕಿಸಿಕೊಂಡು ಬರಬೇಕು.

ಅಕ್ಟೋಬರಿನಲ್ಲಿ ಪೆನ್ನು ಕೊಡುವಾಗ ಅವನು ಅವಳ ಬೆರಳುಗಳನ್ನು ಹಿಡಿದುಕೊಂಡಿದ್ದ. "ಎಷ್ಟು ತಣ್ಣಗಿದೆ ಕೈ," ಎಂದಿದ್ದ. ಇರಬಹುದು, ವಯಸ್ಸಾದವರು, ಎಂದುಕೊಂಡು ಯಮುನಾ ಸುಮ್ಮನಾದಳು. ನವೆಂಬರಿನಲ್ಲಿ ರುಜು ಹಾಕುತ್ತ ಹಾಕುತ್ತ ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟು, "ಆನಂದನಿಂದ ಇನ್ನೇನಾಗುತ್ತೆ ಹೇಳು. ನಿನ್ನ ವಯಸ್ಸೇ ಇನ್ನೂ ಎಷ್ಟು," ಎಂದ. ಕೈ ಹೆಗಲಿನಿಂದ ಕೆಳಗೆ ಬಂತು. "ಅಣ್ಣಾ, ಹೊತ್ತಾಯ್ತು," ಎಂದು ಅವಳು ರಿಜಿಸ್ಟರನ್ನು ಎದೆಗವಚಿಕೊಂಡು ಹೊರಗೆ ಬಂದಳು. ಅವನನ್ನು ಅವಳು ಮೊದಲಿನಿಂದಲೂ ಕರೆಯುತ್ತಿದ್ದದ್ದು ಅಣ್ಣಾ ಎಂದೇ.

ಆನಂದನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಮನೆ ಮುಟ್ಟಿದಾಗ ಅವನು ಪದ್ಮಯ್ಯನ ಮನೆಯ ಮಿಕ್ಸಿಯನ್ನೇ ತೊಡೆಯ ಮೇಲಿಟ್ಟುಕೊಂಡು, "ಇದಕ್ಕೆ ದುಡ್ಡು ತಗಣಕ್ಕಾಗುತ್ತಾ ಯಮುನಾ, ನೀನೇ ಹೇಳು," ಎಂದ. ಜೋಡಿಸಿಕೊಂಡಿದ್ದ ಮಾತು ಬಿಟ್ಟು ಯಮುನಾ ಒಲೆ ಹೊತ್ತಿಸಲು ಹೋದಳು. ಆ ವಾರ ಭವ್ಯಶ್ರೀಯ ವಿಡಿಯೊ ಬಂತು.

ಡಿಸೆಂಬರಿನ ಐದರಂದು ಅವಳ ಪುಣ್ಯಕ್ಕೆ ಪದ್ಮಯ್ಯ ಯಾವುದೋ ಮದುವೆಗೆ ಗೋಣಿಕೊಪ್ಪಲಿಗೆ ಹೋಗಿದ್ದ. ಪಟ್ಟಿಯನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಿದ. ಇನ್ನೊಂದು ತಿಂಗಳು ಸಿಕ್ಕಿತು. ಆ ತಿಂಗಳೆಲ್ಲ ಯಮುನಾ ಕಲಿತಳು. ಕೈ ಬಿಡಿಸಿಕೊಳ್ಳುವುದಾಯಿತು. ಹಿಂದಿನಿಂದ ತಬ್ಬಿದರೆ ಕುಸಿದು ಕೂತಂತೆ ಮಾಡಿ ಮೊಣಕೈಯಲ್ಲಿ ಪಕ್ಕೆಗೆ ಇರಿಯುವುದಾಯಿತು. ಅಂಗೈಯ ಬುಡದಿಂದ ಮೂಗಿನ ಕೆಳಗೆ ಗುದ್ದುವುದು, ಹಿಮ್ಮಡಿಯಿಂದ ಪಾದದ ಮೇಲೆ ತುಳಿಯುವುದು. ಆನಂದನ ಪಕ್ಕೆಗೆ ಇರಿಯುವಾಗ ಅವಳು ಮೆಲ್ಲಗೆ ಮುಟ್ಟುತ್ತಿದ್ದಳು. ಪಾದ ತುಳಿಯುವುದನ್ನು ನೆಲದ ಮೇಲೆ ಮಾಡುತ್ತಿದ್ದಳು. ಪ್ರತಿ ವಿಡಿಯೊದ ಕೊನೆಗೂ ಮೇಡಂ ಹೇಳುತ್ತಿದ್ದ ಒಂದು ಮಾತನ್ನು ಮಾತ್ರ ಇಬ್ಬರೂ ಬಿಟ್ಟುಬಿಟ್ಟಿದ್ದರು. ಕೂಗಿ, ಎನ್ನುತ್ತಿದ್ದಳು ಮೇಡಂ, ಹೊಟ್ಟೆಯಿಂದ ಕೂಗಿ. ಲೈನಿನಲ್ಲಿ ಕೂಗುವುದು ಹೇಗೆ? ಗೋಡೆಯಾಚೆ ಮಗು ಮಲಗಿರುತ್ತದೆ, ಈಚೆ ಮುದುಕಿ ಕೂತಿರುತ್ತಾಳೆ. ಗಂಡ ಹೆಂಡತಿ ಹೊಡೆದಾಡುತ್ತಿದ್ದಾರೆ ಎಂದು ಹತ್ತು ಮನೆಯವರೂ ಬಂದು ನಿಲ್ಲುತ್ತಾರೆ.

ಮಡಿಕೇರಿಯ ಹಾಸ್ಟೆಲಿನಲ್ಲಿದ್ದ ಮಗಳು ಮೋನಿಷಾ ಭಾನುವಾರ ಫೋನ್ ಮಾಡಿದಾಗ ಆನಂದ್, "ನಿನ್ನಮ್ಮ ಈಗ ಕರಾಟೆ ಕಣೇ. ನನ್ನೇ ಬೀಳಿಸ್ತಾಳೆ," ಎಂದು ಹೇಳಿ ನಗಿಸಿದ. ನೀರಿನ ಟ್ಯಾಂಕಿನ ಪಕ್ಕ ಸಿಗ್ನಲಿಗಾಗಿ ಫೋನನ್ನು ಎತ್ತಿ ಹಿಡಿದು ನಿಂತಿದ್ದ ಯಮುನಾಳಿಗೆ ತನ್ನ ಬಗ್ಗೆ ತನಗೇ ಒಂದು ಧೈರ್ಯ ಬಂದಂತಾಯಿತು. ಏಣಿ ಹಿಡಿದ ಕೈಯಿಂದಲೇ ಬಿಡಿಸಿಕೊಂಡವಳು, ಪೆನ್ನು ಹಿಡಿದ ಕೈಯಿಂದ ಬಿಡಿಸಿಕೊಳ್ಳಲಾರೆನೇ ಎಂದುಕೊಂಡಳು.

ಜನವರಿ ಐದು. ಕೊಯ್ಲು ಭರದಲ್ಲಿತ್ತು. ಮಧ್ಯಾಹ್ನ ಮೂರೂವರೆಗೆ ಅವಳು ಸ್ಟೋರಿನ ಹತ್ತಿರ ಬಂದಾಗ ಕಣದಲ್ಲಿ ಕಾಫಿ ಹರಡಿತ್ತು. ಪಲ್ಪರ್ ಮೆಷಿನ್ ಹಣ್ಣಿನ ಸಿಪ್ಪೆ ಸುಲಿಯುತ್ತ ಗಡಗಡ ಎನ್ನುತ್ತಿತ್ತು. ಆ ಸದ್ದಿನಲ್ಲಿ ಎದುರಿಗೆ ನಿಂತವರ ಮಾತೂ ಕಿವಿಗೆ ಬೀಳುವುದಿಲ್ಲ. ಮೆಷಿನಿನವನು, ಕಣದವನು ಬಿಟ್ಟರೆ ಆಳುಗಳೆಲ್ಲ ತೋಟದೊಳಗೆ. ಸ್ಟೋರಿನಲ್ಲಿ ಚೀಲಗಳ ಅಟ್ಟಿ, ತೂಕದ ಮೆಷಿನ್, ಮೂಲೆಯಲ್ಲಿ ರೈಟರ ಮೇಜು.

ಪದ್ಮಯ್ಯ ರಿಜಿಸ್ಟರ್ ತೆಗೆದುಕೊಂಡ. ರುಜು ಹಾಕಲಿಲ್ಲ. ಮುಚ್ಚಿ ಪಕ್ಕಕ್ಕಿಟ್ಟು ಏನೋ ಹೇಳಿದ. ಪಲ್ಪರಿನ ಸದ್ದಿಗೆ ಯಮುನಾಳಿಗೆ ಕೇಳಿಸಲಿಲ್ಲ. ಅವನು ಎದ್ದು ಬಂದು ಅವಳಿಗೂ ಬಾಗಿಲಿಗೂ ನಡುವೆ ನಿಂತು, ಅವಳ ಬಲಗೈ ಹಿಡಿದ.

ಹಿಡಿದ ತಕ್ಷಣ ಯಮುನಾಳಿಗೆ ಗೊತ್ತಾದದ್ದು, ಇದು ಬೇರೆ ಹಿಡಿತ ಎಂದು. ಆನಂದ್ ಹಿಡಿದಾಗ ಚರ್ಮದ ಮೇಲೆ ಕೈ ಇರುತ್ತಿತ್ತು. ಇದು ಮೂಳೆಯ ಮೇಲೆ ಇತ್ತು. ಆದರೂ ಅವಳು ಕಲಿತದ್ದನ್ನು ಮರೆಯಲಿಲ್ಲ. ಹೆಬ್ಬೆರಳು ಎಲ್ಲಿದೆ ಎಂದು ನೋಡಿದಳು, ಆ ಕಡೆಗೆ ತಿರುಗಿಸಿದಳು, ಮೊಣಕೈ ಮುಂದೆ ತಳ್ಳಿ ಝಾಡಿಸಿದಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಕೈ ತಿರುಗಿತು; ಅದರ ಜೊತೆಗೆ ಅವನ ಕೈಯೂ ತಿರುಗಿತು. ಬಿಡಲಿಲ್ಲ. ಮತ್ತೊಮ್ಮೆ ಝಾಡಿಸಿದಳು. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು.

ಪದ್ಮಯ್ಯನ ಮುಖದಲ್ಲಿ ಸಿಟ್ಟಿರಲಿಲ್ಲ. ಮಕ್ಕಳ ಆಟ ನೋಡುವವರ ಹಾಗೆ ನಗುತ್ತಿದ್ದ. ಕಿವಿಯ ಹತ್ತಿರ ಬಾಗಿ, "ಇದೆಲ್ಲ ಎಲ್ಲಿ ಕಲ್ತೆ?" ಎಂದ.

ಅವಳು ಪಾದ ತುಳಿದಳು. ಅವನ ಕಾಲಲ್ಲಿ ಗಟ್ಟಿ ಗಮ್‌ಬೂಟು, ಅವಳ ಕಾಲಲ್ಲಿ ಹವಾಯಿ ಚಪ್ಪಲಿ. ಅಂಗೈ ಎತ್ತಿದಳು, ಅವನು ಆ ಕೈಯನ್ನೂ ಹಿಡಿದ. ಎರಡೂ ಕೈ ಅವನಲ್ಲಿ ಸಿಕ್ಕಿಕೊಂಡು, ಬೆನ್ನು ಚೀಲದ ಅಟ್ಟಿಗೆ ಒತ್ತಿಕೊಂಡು, ಕೂಗಬೇಕು ಎಂದು ಅವಳು ಬಾಯಿ ತೆರೆದಳು. ಧ್ವನಿ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಬಂದದ್ದು ಒಂದು ಕೆಮ್ಮಿನಷ್ಟು ಸದ್ದು. ಅವಳಿಗೇ ಅದು ಕೇಳಿಸಲಿಲ್ಲ. ಸೀರೆಯ ಪಿನ್ನು ಹೆಗಲಿನಲ್ಲಿ ಕಿತ್ತು ಬಂತು. ಅವನ ಬಾಯಿಯ ಎಲೆಅಡಿಕೆ ವಾಸನೆ ಮುಖಕ್ಕೆ ಹೊಡೆಯಿತು.

ಅಷ್ಟರಲ್ಲಿ ಕರೆಂಟು ಹೋಯಿತು.

ಪಲ್ಪರ್ ಗೊರಗೊರ ಎಂದು ನಿಧಾನವಾಗಿ ನಿಂತಿತು. ಸದ್ದು ಹೋದ ಜಾಗದಲ್ಲಿ ಎಲ್ಲವೂ ಕೇಳತೊಡಗಿತು. ತೊಟ್ಟಿಗೆ ನೀರು ಬೀಳುವುದು, ಕಣದಲ್ಲಿ ಕಾಫಿ ಎಳೆಯುವ ಹಲಗೆ, ಹಣ್ಣಿನ ಚೀಲ ಹೊತ್ತು ಬರುತ್ತಿದ್ದ ಹೆಂಗಸರ ಮಾತು. ಹೊರಗೆ ಮೆಷಿನಿನವನು, "ಹೋಯ್ತಲ್ಲಪ್ಪ," ಎಂದದ್ದು ಪಕ್ಕದಲ್ಲೇ ಹೇಳಿದಂತೆ ಕೇಳಿಸಿತು. ಪದ್ಮಯ್ಯ ಕೈ ಬಿಟ್ಟ. ಮೇಜಿನ ಹಿಂದೆ ಹೋಗಿ ಕೂತು ರಿಜಿಸ್ಟರ್ ತೆರೆದು ರುಜು ಹಾಕಿದ. ಹೊರಗಿನವರಿಗೆ ಕೇಳುವಷ್ಟು ದೊಡ್ಡದಾಗಿ, "ಮೂರು ಜನ ಹೊಸಬರಿದ್ದಾರೆ ಯಮುನಾ. ಒಬ್ಬಳಿಗೆ ಐದು ತಿಂಗಳು. ಬರ್ಕೊಂಡ್ಯಾ?" ಎಂದ.

ಯಮುನಾ ಬರೆದುಕೊಂಡಳು. ಯಾಕೆ ಬರೆದುಕೊಂಡೆ ಎಂದು ಆಮೇಲೆ ಎಷ್ಟೋ ದಿನ ತನ್ನನ್ನೇ ಕೇಳಿಕೊಂಡಳು. ಆ ಹೊತ್ತಿಗೆ ಕೈ ತಾನಾಗಿ ಬರೆಯಿತು, ಅಷ್ಟೆ.

ಆನಂದ್ ಜಗುಲಿಯಲ್ಲಿರಲಿಲ್ಲ. ಸೌದೆಯ ಹತ್ತಿರ ಕಾಯುತ್ತಿದ್ದ. ಅವಳು ಬಂದವಳು ಚೀಲ ಇಟ್ಟು ಅವನ ಎದುರಿಗೆ ನಿಂತಳು. ಅವನು ಎಂದಿನಂತೆ ಕೈ ಚಾಚಿದ; ಮಣಿಕಟ್ಟಿನ ಕಪ್ಪುಗುರುತನ್ನೂ ಗಾಜಿನ ಗೀರನ್ನೂ ನೋಡಿ ಕೈ ಅಲ್ಲೇ ನಿಂತಿತು.

"ಯಾರು?" ಎಂದ.

"ನೀವು ಬಿಟ್ಟುಕೊಡ್ತಿದ್ರಾ?" ಎಂದು ಕೇಳಿದಳು.

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಹೇಳ್ರೀ. ಇಷ್ಟು ದಿನ ನಾನು ಬಿಡಿಸ್ಕೊಂಡಿದ್ದೋ, ನೀವು ಬಿಟ್ಟಿದ್ದೋ?"

"ನೀನು ಅವತ್ತು ನಕ್ಕೆಯಲ್ಲ," ಎಂದ ಆನಂದ್. "ಎರಡು ದಿನ ಬಿಡಲಿಲ್ಲ. ಮೂರನೇ ದಿನ ಸ್ವಲ್ಪ ಸಡಿಲ ಬಿಟ್ಟೆ. ನೀನು ನಕ್ಕೆ. ಆಮೇಲೆ ಹೆಂಗೆ ಗಟ್ಟಿ ಹಿಡೀಲಿ? ಟೂರಿಸ್ಟ್ ಹುಡುಗ್ರಿಗೆ ಇಷ್ಟು ಸಾಕು ಅಂದ್ಕೊಂಡೆ ಯಮುನಾ. ಧೈರ್ಯ ಇದ್ರೆ ಸಾಕು ಅಂದ್ಕೊಂಡೆ."

"ಈಗ ಹಿಡೀರಿ."

"ಬೇಡ."

"ಹಿಡೀರಿ. ಬಿಡಬೇಡಿ."

ಅವನು ಅವಳ ಇನ್ನೊಂದು ಕೈಯನ್ನು, ಗಾಯವಾಗದ ಎಡಗೈಯನ್ನು ಹಿಡಿದ. ಈ ಸಲ ನಿಜವಾಗಿ ಹಿಡಿದ. ಯಮುನಾ ಹೆಬ್ಬೆರಳಿನ ಕಡೆಗೆ ತಿರುಗಿಸಿದಳು, ಮೊಣಕೈ ತಳ್ಳಿದಳು, ಝಾಡಿಸಿದಳು. ಮೈಯ ಭಾರವನ್ನೆಲ್ಲ ಹಾಕಿ ಎಳೆದಳು. ಚಪ್ಪಲಿ ಜಾರಿತು. ಮೊಣಕಾಲೂರಿ ಕೂತೇ ಎಳೆದಳು. ಒಂದು ಕಾಲಿಲ್ಲದಂತಿದ್ದ, ಕೋಲಿನ ಮೇಲೆ ನಿಂತಿದ್ದ ಆ ಮನುಷ್ಯನ ಬೆರಳುಗಳು ಕೂದಲಷ್ಟೂ ಸರಿಯಲಿಲ್ಲ. ಕೊನೆಗೆ ಅವಳು ಎಳೆಯುವುದನ್ನು ನಿಲ್ಲಿಸಿ, ಹಾಗೆಯೇ ನೆಲದ ಮೇಲೆ ಕೂತು, "ಪದ್ಮಯ್ಯಣ್ಣ," ಎಂದಳು.

ಆನಂದನಿಗೆ ಮೊದಲು ಅರ್ಥವಾಗಲಿಲ್ಲ. ಪದ್ಮಯ್ಯ ಬಂದು ಬಿಡಿಸಿದನೇನೋ ಎಂದುಕೊಂಡ. ಆಮೇಲೆ ಅರ್ಥವಾಯಿತು. ಅವನ ಕೈ ತಾನಾಗಿ ಬಿಟ್ಟುಕೊಂಡಿತು. ಸೌದೆಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಅಕ್ಟೋಬರಿನಿಂದ ಆದದ್ದನ್ನೆಲ್ಲ ಯಮುನಾ ಒಂದೊಂದಾಗಿ ಹೇಳಿದಳು. ಗೋಡೆಯಾಚೆ ಕೇಳದಂತೆ ಮೆಲ್ಲಗೆ ಹೇಳಿದಳು.

"ಸ್ಟೇಷನ್‌ಗೆ ಹೋಗೋಣ," ಎಂದ ಆನಂದ್.

"ಹೋಗೋಣ. ಅಲ್ಲಿಂದ ಬಂದು ಎಲ್ಲಿಗೆ ಹೋಗೋದು?"

ಅವನು ಮನೆಯ ಹೆಂಚನ್ನು ನೋಡಿದ. ಆ ಮನೆಗೆ ಅವರ ಹೆಸರಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ಇದ್ದದ್ದು ಪದ್ಮಯ್ಯನ "ಇರಲಿ ಬಿಡಿ" ಒಂದೇ.

ಎರಡು ದಿನ ಬಿಟ್ಟು ಯಮುನಾ ಬೊಳ್ಳಮ್ಮನ ಮನೆಗೆ ಹೋದಳು. ಬೊಳ್ಳಮ್ಮ ಆ ಭಾಗದ ಆಶಾಗಳ ಮೇಲ್ವಿಚಾರಕಿ, ಒರಟು ಮಾತಿನ, ಒಳ್ಳೆಯ ಹೆಂಗಸು. ಎಲ್ಲ ಕೇಳಿಸಿಕೊಂಡು, ಅವಳ ಮಣಿಕಟ್ಟನ್ನು ತನ್ನ ಮಡಿಲಲ್ಲಿಟ್ಟುಕೊಂಡು ನೋಡಿದರು.

"ಬರ್ದು ಕೊಡು. ನಾನು ಮೇಲಕ್ಕೆ ಕಳಿಸ್ತೀನಿ," ಎಂದರು. "ನಿಂಗೆ ಸುಳ್ಳು ಹೇಳಲ್ಲ ಯಮುನಾ, ಯಾರು ನೋಡಿದ್ದು ಅಂತ ಕೇಳ್ತಾರೆ. ಎಸ್ಟೇಟಿನವ್ರು ಗೇಟು ಹಾಕಿದ್ರೆ ಒಳಗಿನ ಬಸುರಿಯರನ್ನ ನೋಡೋರು ಯಾರು ಅಂತ್ಲೂ ಕೇಳ್ತಾರೆ. ಆದ್ರೂ ಬರಿ."

ಯಮುನಾ ಬರೆದಳು. ಎರಡು ಪುಟವಾಯಿತು. ಹತ್ತು ದಿನದ ಮೇಲೆ ಬೊಳ್ಳಮ್ಮನ ಫೋನು ಬಂತು. "ಒಬ್ಬಳೇ ಹೋಗ್ಬೇಡ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗು ಅಂದ್ರು." ಆಮೇಲೆ, "ಅಷ್ಟೇ ಅಂದಿದ್ದು," ಎಂದರು. ಅವರ ದನಿಯಲ್ಲಿದ್ದ ನಾಚಿಕೆ ಕೇಳಿ ಯಮುನಾಳಿಗೆ ಅವರ ಮೇಲೇ ಕನಿಕರ ಬಂತು.

ಜೊತೆಗೆ ಯಾರು? ಎಸ್ಟೇಟಿನ ಅಂಚಿನ ಇನ್ನೊಂದು ಲೈನಿನ ಲಿಂಗಿಗೆ ಜ್ವರವೆಂದು ರಕ್ತದ ಸ್ಲೈಡ್ ತೆಗೆಯಲು ಹೋದಾಗ ಯಮುನಾ ಅವಳನ್ನೇ ಕೇಳಿದಳು. ಲಿಂಗಿ ಹುಟ್ಟಿದ್ದೇ ಕಲ್ಲುಬಾಣೆಯಲ್ಲಿ. ನಲವತ್ತು ವರ್ಷದಿಂದ ಅಲ್ಲಿನ ಗಿಡಗಳ ನಡುವೆಯೇ ಬದುಕಿದವಳು. "ಐದನೇ ತಾರೀಕು ಅರ್ಧ ಗಂಟೆ ನನ್ ಜೊತೆ ಸ್ಟೋರಿಗೆ ಬರ್ತೀಯಾ ಲಿಂಗಿ?" ಎಂದಷ್ಟೇ ಕೇಳಿದ್ದು. ಯಾಕೆ ಎಂದು ಹೇಳಿರಲಿಲ್ಲ.

ಲಿಂಗಿ ಚುಚ್ಚಿಸಿಕೊಂಡ ಬೆರಳನ್ನು ಬಾಯಿಗಿಟ್ಟುಕೊಂಡು ಅವಳನ್ನೇ ನೋಡಿದಳು. "ನಿಮ್ಮನ್ನೂ ಹಿಡಿದ್ನಾ?" ಎಂದಳು.

ಯಮುನಾ ಕೈಯಲ್ಲಿದ್ದ ಸ್ಲೈಡನ್ನು ಪಕ್ಕಕ್ಕಿಟ್ಟಳು.

"ನಾವ್ಯಾರೂ ಒಬ್ಬೊಬ್ರೇ ಆ ಕಡೆ ಹೋಗಲ್ಲ ಅಕ್ಕ," ಎಂದಳು ಲಿಂಗಿ. "ಚೀಲ ಹಾಕೋಕೆ ಹೋದ್ರೂ ನಾಲ್ಕು ಜನ ಹೋಗ್ತೀವಿ. ಹೊಸ ಹುಡುಗೀರು ಬಂದ್ರೆ ಮೊದ್ಲು ಅದನ್ನೇ ಹೇಳ್ಕೊಡದು. ನಮ್ಮವ್ವನೂ ನಂಗೆ ಹಂಗೇ ಹೇಳಿತ್ತು, ಆಗಿದ್ದ ರೈಟರು ಬೇರೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಸರ್ಕಾರದ ಸೀರೆ ಉಟ್ಕೊಂಡಿರ್ತೀರಲ್ಲ. ನಿಮ್ಮನ್ನ ಮುಟ್ಟಲ್ಲ ಅಂದ್ಕೊಂಡ್ವಿ." ಲಿಂಗಿ ಕಂಬಳಿ ಎಳೆದುಕೊಂಡಳು. "ಬತ್ತಿದ್ದೆ ಅಕ್ಕ. ಆದ್ರೆ ನಾನು ನಿಮ್ ಜೊತೆ ನಿಂತಿದ್ದು ಕಂಡ್ರೆ ನನ್ ಹಾಜರಿ ಹೋಯ್ತದೆ. ಸಿಟ್ಟು ಮಾಡ್ಕೋಬೇಡಿ."

ಯಮುನಾ ಸಿಟ್ಟು ಮಾಡಿಕೊಳ್ಳಲಿಲ್ಲ. ಸ್ಲೈಡಿಗೆ ನಂಬರು ಬರೆದು, ಜ್ವರದ ಮಾತ್ರೆ ಕೊಟ್ಟು, ಎಷ್ಟು ಹೊತ್ತಿಗೆ ನುಂಗಬೇಕೆಂದು ಎರಡು ಸಲ ಹೇಳಿ ಬಂದಳು.

ಫೆಬ್ರವರಿ ಐದರಂದು ಜೊತೆಗೆ ಹೊರಟವನು ಆನಂದ್. ಬೇಡ ಎಂದರೂ ಕೇಳಲಿಲ್ಲ. ಒಗೆದ ಅಂಗಿ ಹಾಕಿ, ತಲೆ ಬಾಚಿ, ಮಧ್ಯಾಹ್ನವೇ ಸಿದ್ಧನಾಗಿ ನಿಂತಿದ್ದ. ಸ್ಟೋರಿಗೆ ಒಂದು ಕಿಲೋಮೀಟರ್ ಏರು. ಯಮುನಾ ಕಾಲು ಗಂಟೆಯಲ್ಲಿ ಹತ್ತುವ ದಾರಿಗೆ ಅವನಿಗೆ ಒಂದು ಗಂಟೆಯಾಯಿತು. ನಡುವೆ ಮೆಣಸು ಕೊಯ್ಯುತ್ತಿದ್ದವರು ಮರದ ಮೇಲಿಂದ, "ಎಲ್ಲಿಗೆ ಆನಂದಣ್ಣ, ಇಷ್ಟು ದೂರ?" ಎಂದು ಕೇಳಿದರು. "ಹಿಂಗೇ," ಎಂದ.

ಆ ದಿನ ಪಲ್ಪರ್ ಓಡುತ್ತಿರಲಿಲ್ಲ. ಪದ್ಮಯ್ಯ ಬಾಗಿಲಲ್ಲೇ ಕಂಡ. ಆನಂದನನ್ನು ನೋಡಿ ಒಂದು ಕ್ಷಣ ನಿಂತ. ಆಮೇಲೆ ಮುಖವೆಲ್ಲ ನಗುವಾಯಿತು.

"ಓ, ಆನಂದ. ಇಲ್ಲಿತನಕ ನಡ್ಕೊಂಡು ಬಂದ್ಯಾ? ಹೇಳಿದ್ರೆ ಜೀಪ್ ಕಳಿಸ್ತಿದ್ನಲ್ಲೋ." ಒಳಗಿನಿಂದ ತನ್ನ ಕುರ್ಚಿಯನ್ನೇ ತಂದು ಹಾಕಿದ. "ಕೂತ್ಕೊ."

ಆನಂದ್ ಕೂರಲಿಲ್ಲ.

"ಕೂತ್ಕೊಳೋ, ಕಾಲು ನಡುಗ್ತಿದೆ."

"ಬೇಡ," ಎಂದ ಆನಂದ್. ದಾರಿಯುದ್ದಕ್ಕೂ ಅವನು ಏನೇನೋ ಯೋಚಿಸಿಕೊಂಡು ಬಂದಿದ್ದ, ಯಮುನಾಳಿಗೆ ಗೊತ್ತಿತ್ತು. ಎರಡು ಸಲ ಬಾಯಿ ತೆರೆದ. ಮೂರನೇ ಸಲ, "ಅವಳ ಪಟ್ಟಿ ಕೊಟ್ಬಿಡಿ. ಹೋಗ್ತೀವಿ," ಎಂದ. ಅಷ್ಟೇ ಬಂದದ್ದು. ಅಷ್ಟು ಹೇಳುವಾಗಲೂ ಅವನ ಕಣ್ಣು ಪದ್ಮಯ್ಯನ ಮುಖದ ಮೇಲಿರದೆ, ಅಂಗಳದಲ್ಲಿ ನಿಂತಿದ್ದ ಜೀಪಿನ ಮೇಲಿತ್ತು.

ಪದ್ಮಯ್ಯ ಪಟ್ಟಿ ಕೊಟ್ಟ. ಯಮುನಾ ಹೊರಗೆ ನಿಂತೇ ಬರೆದುಕೊಂಡಳು. ಹತ್ತೊಂಬತ್ತು ಹೆಸರು, ಊರು, ವಯಸ್ಸು. ಆನಂದ್ ಕುರ್ಚಿಯ ಪಕ್ಕದಲ್ಲಿ ಕೋಲಿನ ಮೇಲೆ ಭಾರ ಹಾಕಿ ನಿಂತಿದ್ದ. ಅವನ ಪ್ಯಾಂಟು ಮೊಣಕಾಲಿನ ಹತ್ತಿರ ಅದುರುವುದು ಎಲ್ಲರಿಗೂ ಕಾಣುತ್ತಿತ್ತು. ಪದ್ಮಯ್ಯ ಅದನ್ನು ನೋಡುತ್ತ, ಬೇಜಾರಿನಿಂದಲೋ ಎಂಬಂತೆ ತಲೆಯಾಡಿಸಿ, "ಆ ಲೈನಿನ ಹೆಂಚಿನ ಮಾಡು ರಿಪೇರಿಗೆ ತೆಗೀಬೇಕು ಅಂತಿದ್ರು ಧಣಿಗಳು," ಎಂದ. "ಮಳೆಗಾಲಕ್ಕೆ ಮುಂಚೆ. ನಾನೇ ತಡೀತಾ ಇದ್ದೀನಿ."

ಯಮುನಾ ರಿಜಿಸ್ಟರ್ ಮುಚ್ಚಿ ಚೀಲಕ್ಕೆ ಹಾಕಿದಳು.

ಇಳಿಯುವಾಗ ಆನಂದ್ ಮೂರು ಕಡೆ ಕೂತ. ಮೊದಲ ಸಲ ಕಲ್ಲಿನ ಮೇಲೆ, ಎರಡನೇ ಸಲ ಮೋರಿಯ ಮೇಲೆ, ಮೂರನೇ ಸಲ ಕೂರಲು ಏನೂ ಇಲ್ಲದೆ ದಾರಿಯ ಬದಿಯ ಮಣ್ಣಿನ ಮೇಲೆ. ಏಳುವಾಗ ಅವಳ ಭುಜ ಹಿಡಿದುಕೊಂಡ.

"ಮುಂದಿನ ತಿಂಗಳೂ ಬರ್ತೀನಿ," ಎಂದ.

"ಹೂಂ," ಎಂದಳು ಯಮುನಾ.

ಅವನ ಕಾಲು ಅಂದು ಸಂಜೆಯೇ ಬಾತುಕೊಂಡಿತು. ನಾಲ್ಕು ದಿನ ಜಗುಲಿಗೂ ಬರಲಾಗಲಿಲ್ಲ. ಯಮುನಾ ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಹಾಕಿದಳು. ಐದನೇ ದಿನ ಬೆಳಿಗ್ಗೆ ಜೀಪು ಬರುವ ಸದ್ದು ಕೇಳಿದಾಗ ಆನಂದ್ ಹಾಸಿಗೆಯಲ್ಲೇ ಗೋಡೆಯ ಕಡೆಗೆ ಹೊರಳಿದ. ಜೀಪು ಲೈನಿನ ಮುಂದೆ ನಿಧಾನವಾಯಿತು, ಆಮೇಲೆ ಮುಂದೆ ಹೋಯಿತು. ಒಲೆಯ ಮುಂದೆ ಕೂತು ಬೆಂಕಿ ಊದುತ್ತಿದ್ದ ಯಮುನಾ ಎದ್ದು, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಮಾರ್ಚಿನ ಹಾಳೆ ಮಗುಚಿ ನೋಡಿದಳು. ಐದನೇ ತಾರೀಕು ಗುರುವಾರ ಬಿದ್ದಿತ್ತು.